ಲಿಫ್ಟಿಗೆ ಮೊದಲಿನ ನಾಲ್ಕು ಮೆಟ್ಟಿಲು

ಅಮ್ಮ ಚಾರ್ಮಿನಾರ್ ನೋಡಿದ್ದು ಕಾರಿನ ಕಿಟಕಿಯಿಂದ. ಅದೂ ದೂರದಿಂದ, ಎರಡು ಬಸ್ಸುಗಳ ನಡುವಿನ ಸಂದಿಯಲ್ಲಿ. "ಕಂಡ್ತಾ ಅಮ್ಮಾ?" ಅಂದೆ. "ಕಂಡ್ತ್, ಕಂಡ್ತ್. ಹೋಪ ಇನ್ನು" ಅಂದಳು. ಒಂದು ಕೈ ಮಂಡಿಯ ಮೇಲಿತ್ತು.

ಮೂರು ವರ್ಷದ ಹಿಂದಿನ ಮಾತು. ಅಪ್ಪ ಅಮ್ಮನನ್ನು ಶನಿವಾರ ಭಾನುವಾರಕ್ಕೆ ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದೆ. ರೂಮು ಬುಕ್ ಮಾಡಿದ್ದು ಹೈಟೆಕ್ ಸಿಟಿಯಲ್ಲಿ. ಯಾಕೆ ಅಲ್ಲಿ ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೊಳ್ಳೆ ಉತ್ತರಗಳಿದ್ದವು. ನಮ್ಮ ಕಂಪನಿಯ ಆಫೀಸು ಅಲ್ಲೇ ಇದೆ, ನನಗೆ ಗೊತ್ತಿರುವ ಏರಿಯಾ. ಕಂಪನಿ ಲೆಕ್ಕದಲ್ಲಿ ರಿಯಾಯಿತಿ ಸಿಗುತ್ತದೆ. ರೇಟಿಂಗ್ ನಾಲ್ಕೂವರೆ. ಬೆಳಗಿನ ತಿಂಡಿಗೆ ಐವತ್ತು ಬಗೆ. ಅಮ್ಮ ಅದರಲ್ಲಿ ತಿಂದದ್ದು ಎರಡು ಇಡ್ಲಿ, ಒಂದು ಬಾಳೆಹಣ್ಣು.

ಅಲ್ಲಿಂದ ಹಳೇ ಊರಿಗೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್. ಮ್ಯಾಪಿನಲ್ಲಿ ನೋಡಿದಾಗ ಇಪ್ಪತ್ತೇ ತಾನೇ ಅನ್ನಿಸಿತ್ತು. ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವ ನನಗೇ ಹಾಗೆ ಅನ್ನಿಸಿದ್ದು ಆಶ್ಚರ್ಯ. ಎರಡು ದಿನದಲ್ಲಿ ನಾವು ಕ್ಯಾಬಿನಲ್ಲಿ ಕೂತದ್ದೇ ಏಳೆಂಟು ಗಂಟೆ. ಕಾಲು ಮಡಚಿ ಕೂತು ಕೂತು ಅಮ್ಮನ ಮಂಡಿ ಊದಿಕೊಂಡಿತು. ಚಾರ್ಮಿನಾರ್ ಹತ್ತಿರ ಗಾಡಿ ಬಿಡುವುದಿಲ್ಲ, ಇಳಿದು ನಡೆಯಬೇಕು. ಅಷ್ಟು ಹೊತ್ತಿಗೆ ನಡೆಯುವ ಶಕ್ತಿ ಅವಳಿಗಿರಲಿಲ್ಲ. ಸ್ವಲ್ಪ ಮಲಗಿ ಸುಧಾರಿಸಿಕೊಂಡು ಬರೋಣ ಅಂದರೆ ರೂಮಿಗೆ ಹೋಗಿ ಬರುವುದರಲ್ಲಿ ಆ ದಿನವೇ ಮುಗಿಯುತ್ತಿತ್ತು.

ಊರಿಗೆ ವಾಪಸಾದ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು: "ರೂಮ್ ಭಾರೀ ಚೆಂದ ಇತ್ತ್." ಅದು ಹೊಗಳಿಕೆ ಅಲ್ಲ ಅಂತ ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು.

ಆಮೇಲೆ ಬಂದದ್ದು ಮುಂಬೈ. ಇದರಲ್ಲಿ ತಪ್ಪು ಮಾಡುವಂತಿರಲಿಲ್ಲ.

ಯಾಕೆಂದರೆ ಮುಂಬೈ ಅಪ್ಪನ ಊರು. ಅಂದರೆ, ಒಂದು ಕಾಲದಲ್ಲಿ. ನಮ್ಮದು ಕುಂದಾಪುರದ ಹತ್ತಿರ. ಅಪ್ಪ 1976ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಊರಿನವರೊಬ್ಬರ ಜೊತೆ ಬಸ್ಸು ಹತ್ತಿ ಬೊಂಬಾಯಿಗೆ ಹೋದವರು. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಕೋಟೆ ಏರಿಯಾದ, ಅಂದರೆ ಫೋರ್ಟಿನ, ಒಂದು ಉಡುಪಿ ಹೋಟೆಲಿನಲ್ಲಿ ಅವರಿಗೆ ಕೆಲಸ. 1984ರಲ್ಲಿ ಊರಿಗೆ ಬಂದು ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣದೊಂದು ಕ್ಯಾಂಟೀನ್ ಹಾಕಿದರು. ನಾನು ಇಂಜಿನಿಯರಿಂಗ್ ಓದಿದ್ದು ಆ ಕ್ಯಾಂಟೀನಿನ ಗೋಳಿಬಜೆಯಿಂದ. ಊರಿಗೆ ಬಂದ ಮೇಲೆ ಒಮ್ಮೆಯೂ ಅಪ್ಪ ಮುಂಬೈಗೆ ಹೋಗಿರಲಿಲ್ಲ. ಅಲ್ಲಿನ ಕತೆಗಳನ್ನೂ ಅಷ್ಟಾಗಿ ಹೇಳಿದವರಲ್ಲ. ನೆಂಟರು ಕೇಳಿದರೆ "ಹೋಟೆಲಲ್ಲಿದ್ದೆ" ಅನ್ನುತ್ತಿದ್ದರು. ಕೆಲವರು ಗಲ್ಲಾದಲ್ಲಿದ್ದರು ಅಂದುಕೊಂಡಿದ್ದರು. ಅಪ್ಪ ತಿದ್ದಲು ಹೋಗುತ್ತಿರಲಿಲ್ಲ.

ಹೋದ ವರ್ಷ ಕ್ಯಾಂಟೀನ್ ಮುಚ್ಚಿದರು. ಮನೆಯಲ್ಲಿ ಸುಮ್ಮನೆ ಕೂತವರನ್ನು ಕಂಡು ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು: "ಒಂದ್ಸಲ ಬೊಂಬಾಯಿಗೆ ಕರ್ಕಂಡ್ ಹೋಗ್ ಹೆಣ್ಣೇ. ಬಾಯ್ ಬಿಟ್ಟ್ ಕೇಂತಿಲ್ಲೆ ಅವ್ರ್."

ಸರಿ, ನಾನು ಲ್ಯಾಪ್‌ಟಾಪ್ ತೆರೆದು ಕೂತೆ.

ನಮ್ಮ ಜಾತಿಯವರ ರೋಗ ಇದು. ಸಾಫ್ಟ್‌ವೇರ್ ಜಾತಿಯ ಬಗ್ಗೆ ಹೇಳುತ್ತಿದ್ದೇನೆ. ಎಲ್ಲದಕ್ಕೂ ಒಂದು ಶೀಟ್ ಬೇಕು. ಹದಿನಾಲ್ಕು ಹೋಟೆಲು, ಹನ್ನೊಂದು ಕಾಲಂ. ದರ, ರೇಟಿಂಗ್, ಎಷ್ಟು ಜನ ರೇಟಿಂಗ್ ಕೊಟ್ಟಿದ್ದಾರೆ, ತಿಂಡಿ ಸೇರಿದೆಯೋ ಇಲ್ಲವೋ, ಬುಕಿಂಗ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತದೆಯೋ, ಏರ್‌ಪೋರ್ಟಿಂದ ಎಷ್ಟು ದೂರ, ಹೀಗೆ. ಒಂದೊಂದಕ್ಕೂ ಇಷ್ಟಿಷ್ಟು ತೂಕ ಅಂತ ಕೊಟ್ಟು ಕೊನೆಗೆ ನೂರಕ್ಕೆ ಎಷ್ಟು ಅಂಕ ಅಂತ ಲೆಕ್ಕ. ನನ್ನ ಗಂಡ ಇಣುಕಿ ನೋಡಿ, "ಪರೀಕ್ಷೆ ಬರೆಯೋದು ಹೋಟೆಲ್ಲಾ, ನೀನಾ?" ಅಂದ. ಆ ವಾರ ಅವನಿಗೆ ಆನ್‌ಕಾಲ್ ಇದ್ದುದರಿಂದ ಬರುವವರು ನಾವು ಮೂವರೇ.

ಮುಂಬೈ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಬೆಂಗಳೂರಿನ ಹಾಗೆ ಸುತ್ತಲೂ ಹರಡಿದ ಊರಲ್ಲ. ಉತ್ತರ ದಕ್ಷಿಣವಾಗಿ ಪಡವಲಕಾಯಿಯ ಹಾಗೆ ಉದ್ದಕ್ಕೆ ಇಳಿದಿದೆ. ನೋಡಲು ಹೋಗುವ ಹಳೇ ಕಟ್ಟಡಗಳು, ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್ ಎಲ್ಲ ದಕ್ಷಿಣದ ತುದಿಯಲ್ಲಿ. ವಿಮಾನ ಇಳಿಯುವುದು ಉತ್ತರಕ್ಕೆ. ಕಡಿಮೆ ದುಡ್ಡಿಗೆ ಹೊಸ ರೂಮು, ದೊಡ್ಡ ಬಾತ್‌ರೂಮು ಸಿಗುವುದು ಅಂಧೇರಿಯ ಕಡೆ. ಆದರೆ ಅಂಧೇರಿಯಿಂದ ಚರ್ಚ್‌ಗೇಟಿಗೆ ಲೋಕಲ್ ರೈಲಿನಲ್ಲೇ ಸುಮಾರು 22 ಕಿಲೋಮೀಟರ್. ಈಗ ಏರ್‌ಪೋರ್ಟಿನಿಂದ ಸಿಎಸ್‌ಎಂಟಿ ಕಡೆಗೆ ನೆಲದಡಿಯ ಮೆಟ್ರೋ ಬಂದಿದೆ, ನಾವು ಹೋದಾಗ ಪೂರ್ತಿ ತೆರೆದಿರಲಿಲ್ಲ. ನನ್ನ ಶೀಟಿನಲ್ಲಿ ಮೊದಲ ಸ್ಥಾನ ಬಂದಿದ್ದು ಅಂಧೇರಿಯ ಹೋಟೆಲಿಗೇ. 87 ಅಂಕ. ಎರಡನೆಯದು ಜುಹೂ ಬೀಚಿನ ಎದುರಿನದ್ದು. ಹೈಟೆಕ್ ಸಿಟಿಯ ಪಾಠ ನಾನು ಕಲಿತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆಗ ಅಂಕ ಚೆನ್ನಾಗಿ ಕಂಡಿತ್ತು.

ವಿಡಿಯೋ ಕಾಲ್ ಮಾಡಿ ಇಬ್ಬರಿಗೂ ಫೋಟೋ ತೋರಿಸಿದೆ. ಜುಹೂ ಹೋಟೆಲಿನ ಕಿಟಕಿಯಿಂದ ಕಾಣುವ ಸಮುದ್ರ ನೋಡಿ ಅಮ್ಮ, "ಇದಕ್ಕೆ ಹೆಚ್ಚಿಗೆ ದುಡ್ಡಾ?" ಅಂದಳು. ಹೌದಮ್ಮಾ, ಸೀ ಫೇಸಿಂಗ್ ಅಲ್ವಾ ಅಂದೆ. "ಸಮುದ್ರ ಕಾಂಬುಕೆ ದುಡ್ಡ್ ಕೊಡುದಾ? ಹಾಂಗಾರೆ ನಮ್ಮನಿ ಹಿಂದೆ ಇಪ್ಪುದ್ ಎಂತ?"

ಸಮುದ್ರದ ಮೂರು ಹೋಟೆಲುಗಳು ಅಲ್ಲಿಗೆ ಮುಗಿದವು.

ಅಪ್ಪ ಆವರೆಗೂ ಸುಮ್ಮನಿದ್ದರು. ಅಂಧೇರಿ ಹೋಟೆಲಿನ ಫೋಟೋಗಳನ್ನೆಲ್ಲ ನೋಡಿದರು. ಹಾಸಿಗೆ, ಸೋಫಾ, ಗಾಜಿನ ಬಾತ್‌ರೂಮು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, ನನ್ನ ಕಡೆ ನೋಡದೆ ಕೇಳಿದರು: "ಅಲ್ಲಿಂದ ಬೋರಾಬಜಾರಿಗೆ ನಡ್ಕಂಡ್ ಹೋಪುಕಾತ್ತಾ?"

ಹನ್ನೊಂದು ಕಾಲಂಗಳಲ್ಲಿ ಈ ಪ್ರಶ್ನೆಗೆ ಒಂದೂ ಇರಲಿಲ್ಲ.

ಬೋರಾಬಜಾರ್ ಎಂದರೆ ಫೋರ್ಟಿನಲ್ಲಿ, ಸಿಎಸ್‌ಎಂಟಿ ಸ್ಟೇಷನ್ನಿನ ಎದುರಿಗೆ ಒಳಗಿರುವ ಇಕ್ಕಟ್ಟಾದ ಬೀದಿ. ಅಪ್ಪನ ಹೋಟೆಲು ಅಲ್ಲಿತ್ತು ಅನ್ನುವುದು ನನಗೆ ಗೊತ್ತಾದದ್ದೇ ಆ ಕ್ಷಣ. ಮೂವತ್ತು ವರ್ಷ ಮಗಳಾಗಿದ್ದೇನೆ, ಅಪ್ಪ ಕೆಲಸ ಮಾಡಿದ ಬೀದಿಯ ಹೆಸರು ಕೇಳಿರಲಿಲ್ಲ. ಆ ರಾತ್ರಿ ಹನ್ನೆರಡನೇ ಕಾಲಂ ಸೇರಿಸಿದೆ, 'ಬೋರಾಬಜಾರಿಗೆ ನಡೆದರೆ ಎಷ್ಟು ನಿಮಿಷ'. ಹದಿನೈದು ನಿಮಿಷಕ್ಕಿಂತ ಹೆಚ್ಚಾದದ್ದನ್ನೆಲ್ಲ ಅಳಿಸಿದೆ. ಹದಿನಾಲ್ಕರಲ್ಲಿ ಉಳಿದದ್ದು ಮೂರು. ಮೂರಕ್ಕೂ ಅಂಕ ಕಡಿಮೆ. ಒಂದಕ್ಕಂತೂ 54.

ಮಾಟುಂಗಾದಲ್ಲಿ ಇಳಿದುಕೊಳ್ಳಿ ಅಂತ ಸೋದರತ್ತೆಯ ಸಲಹೆ ಬಂತು. ಅಲ್ಲಿ ನಮ್ಮವರೇ ತುಂಬಿದ್ದಾರೆ, ಮೈಸೂರು ಅಸೋಸಿಯೇಷನ್ ಇದೆ, ಊಟಕ್ಕೆ ತೊಂದರೆ ಇಲ್ಲ. ಒಳ್ಳೆಯ ಸಲಹೆಯೇ. ಬೇರೆ ಯಾರಿಗಾದರೂ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಪ್ಪ ಕೇಳಿದ್ದು ನಡೆದು ಹೋಗುವ ದಾರಿ.

ಫೋರ್ಟಿನ ಹೋಟೆಲುಗಳ ಕಷ್ಟ ಬೇರೆ. ಬಹಳಷ್ಟು ಹಳೇ ಕಟ್ಟಡಗಳು. ಎರಡೋ ಮೂರೋ ಮಹಡಿಯನ್ನು ಮಾತ್ರ ಹೋಟೆಲಿನವರು ಇಟ್ಟುಕೊಂಡಿರುತ್ತಾರೆ. ಕೆಲವು ರೂಮುಗಳಿಗೆ ಕಿಟಕಿಯೇ ಇರುವುದಿಲ್ಲ. ಫೋಟೋದಲ್ಲಿ ಪರದೆ ಹಾಕಿರುತ್ತಾರೆ, ಪರದೆಯ ಹಿಂದೆ ಗೋಡೆ. ಹೋಟೆಲಿನವರು ಹಾಕಿದ ಫೋಟೋ ಬಿಟ್ಟು ಉಳಿದುಕೊಂಡವರು ಹಾಕಿದ ಫೋಟೋಗಳನ್ನೇ ನೋಡಬೇಕು ಅಂತ ನಾನು ಕಲಿತದ್ದು ಇಲ್ಲಿ. ಐದು ಸ್ಟಾರ್ ಕೊಟ್ಟವರ ವಿಮರ್ಶೆ ಓದಿ ಪ್ರಯೋಜನವಿಲ್ಲ, 'ಸೂಪರ್' ಅಂತಷ್ಟೇ ಇರುತ್ತದೆ. ಒಂದು ಸ್ಟಾರ್ ಕೊಟ್ಟವರು ಸಿಟ್ಟಿನಲ್ಲಿರುತ್ತಾರೆ. ಮೂರು ಸ್ಟಾರ್ ಕೊಟ್ಟವರನ್ನು ಓದಿ. ಅವರು ಬೇಜಾರು ಮಾಡಿಕೊಂಡೇ ನಿಜ ಹೇಳುತ್ತಾರೆ. ಕೆಳಗೆ ಬಾರ್ ಇದೆ, ಶನಿವಾರ ರಾತ್ರಿ ಒಂದರವರೆಗೆ ಗಲಾಟೆ ಅಂತ ಒಬ್ಬರು ಬರೆದಿದ್ದರಿಂದ ಮೂರರಲ್ಲಿ ಒಂದು ಹೋಯಿತು.

ಆದರೆ ನನಗೆ ಬೇಕಾದ ವಿಷಯ ಯಾರ ವಿಮರ್ಶೆಯಲ್ಲೂ ಇರಲಿಲ್ಲ. ಲಿಫ್ಟ್ ಇದೆ ಅಂತ ಎಲ್ಲರೂ ಬರೆದಿದ್ದರು. ಲಿಫ್ಟಿನ ತನಕ ಹೋಗುವುದು ಹೇಗೆ? ಹಳೇ ಕಟ್ಟಡಗಳಲ್ಲಿ ರಸ್ತೆಯಿಂದ ಒಂದಷ್ಟು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟು ಶುರುವಾಗುತ್ತದೆ. ಮೂರು ಮೆಟ್ಟಿಲು ಅಮ್ಮನಿಗೆ ಸಲೀಸು. ಹತ್ತಾದರೆ ದಿನಕ್ಕೆ ಒಂದೇ ಸಲ.

ಹಾಗಾಗಿ ಫೋನ್ ಮಾಡಿದೆ. ಮೊದಲನೇ ಹೋಟೆಲಿನವರು, "ಲಿಫ್ಟ್ ಹೈ ಮೇಡಂ, ನೋ ಪ್ರಾಬ್ಲಂ" ಅಂದು ಇಟ್ಟೇಬಿಟ್ಟರು. ಎರಡನೆಯದರಲ್ಲಿ ಒಬ್ಬ ವಯಸ್ಸಾದ ಧ್ವನಿಯವರು. ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಏಕ್ ಮಿನಿಟ್" ಅಂದರು. ರಿಸೀವರ್ ಮೇಜಿನ ಮೇಲಿಟ್ಟ ಸದ್ದು, ಚಪ್ಪಲಿಯ ಸದ್ದು. ಎರಡು ನಿಮಿಷ ಕಾದೆ. ವಾಪಸ್ ಬಂದು ಸ್ವಲ್ಪ ಏದುಸಿರಿನಲ್ಲಿ ಹಿಂದಿಯಲ್ಲಿ ಹೇಳಿದರು: "ನಾಲ್ಕು ಮೆಟ್ಟಿಲು ಮೇಡಂ. ಬಲಗಡೆ ಹಿಡಿದುಕೊಳ್ಳಲು ಕಬ್ಬಿಣದ ಸರಳಿದೆ. ಯಾರಿಗೆ, ಅಮ್ಮನಿಗಾ?"

54 ಅಂಕದ ಹೋಟೆಲು ಅದು. ಅಲ್ಲೇ ಬುಕ್ ಮಾಡಿದೆ.

ಒಂದು ಸಣ್ಣ ಜಾಣತನ ಮಾಡಿದೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಅಪ್ಪ ಅಮ್ಮ ಕುಂದಾಪುರದಿಂದ ಮತ್ಸ್ಯಗಂಧದಲ್ಲಿ ಬರುವವರು. ಆ ರೈಲು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುವುದು ಬೆಳಗಿನ ಜಾವ. ಹೋಟೆಲಿನಲ್ಲಿ ರೂಮು ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ರಾತ್ರಿಯೆಲ್ಲ ರೈಲಿನಲ್ಲಿ ಬಂದವರು ಸ್ನಾನವಿಲ್ಲದೆ ಲಾಬಿಯಲ್ಲಿ ಐದು ಗಂಟೆ ಕೂರುವುದೇ? ನಾನು ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ವಿಮಾನಕ್ಕೆ ಹೋಗಿ ನನ್ನ ರೂಮು ಶುಕ್ರವಾರದಿಂದಲೇ ತೆಗೆದುಕೊಂಡೆ. ಅವರದ್ದು ಶನಿವಾರದಿಂದ. ಬಂದವರು ನನ್ನ ರೂಮಿನಲ್ಲೇ ಮಿಂದು, ಮಲಗಬಹುದು.

ದರದ ವಿಷಯದಲ್ಲಿ ಸುಳ್ಳು ಹೇಳಿದೆ. ತೆರಿಗೆ ಸೇರಿ ರೂಮಿಗೆ 5,200 ರೂಪಾಯಿ. ಅಪ್ಪನಿಗೆ "ಆಫರಲ್ಲಿ ಸಾವಿರದ ಐನೂರು" ಅಂದೆ.

ಶನಿವಾರ ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ಇಬ್ಬರನ್ನೂ ಟ್ಯಾಕ್ಸಿ ಹತ್ತಿಸಿಕೊಂಡೆ. ಚೆಂಬೂರಿನಿಂದ ಈಸ್ಟರ್ನ್ ಫ್ರೀವೇ ಹಿಡಿದರೆ ಆ ಹೊತ್ತಿನಲ್ಲಿ ಫೋರ್ಟಿಗೆ ಬೇಗ ಮುಟ್ಟಬಹುದು. ಅಪ್ಪನಿಗೆ ಈ ರಸ್ತೆಯೇ ಗೊತ್ತಿಲ್ಲ, ಅವರ ಕಾಲದಲ್ಲಿ ಇರಲಿಲ್ಲ. ಉಪ್ಪಿನ ಗದ್ದೆ, ಹಡಗುಕಟ್ಟೆಯ ಕ್ರೇನು ನೋಡುತ್ತಾ ಹೊಸಬರ ಹಾಗೆ ಕೂತಿದ್ದರು. ಟ್ಯಾಕ್ಸಿ ಕೆಳಗಿಳಿದು ದೊಡ್ಡ ಸ್ಟೇಷನ್ನಿನ ಗುಮ್ಮಟ ಕಂಡದ್ದೇ ಮುಂದಕ್ಕೆ ಬಗ್ಗಿದರು. "ವೀಟಿ" ಅಂದರು. ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು ಅಂದೆ. "ಇರ್ಲಿ. ವೀಟಿ ಅದ್."

ಲಿಫ್ಟಿಗೆ ಮೊದಲು ನಿಜವಾಗಿ ನಾಲ್ಕೇ ಮೆಟ್ಟಿಲು. ಅಮ್ಮ ಸರಳು ಹಿಡಿದು, ಎಣಿಸಿಕೊಂಡೇ ಹತ್ತಿದಳು. ರೂಮು ಸಣ್ಣದು. ಕಿಟಕಿ ತೆರೆದರೆ ಎದುರಿನ ಕಟ್ಟಡದ ಮರದ ಬಾಲ್ಕನಿ, ಅದರ ಮೇಲೆ ಪಾರಿವಾಳ. ಬಾತ್‌ರೂಮಿನ ನಲ್ಲಿ ತಿರುಗಿಸಿದರೆ ಕೊಳವೆ ಗುಡುಗುತ್ತಿತ್ತು. 54 ಅಂಕ ಯಾಕೆ ಅಂತ ಗೊತ್ತಾಯಿತು.

ಆದರೆ ಎರಡು ದಿನಗಳು ಹೈದರಾಬಾದಿಗಿಂತ ಎಷ್ಟು ಬೇರೆಯಾಗಿ ಹೋದವು! ಬೆಳಗ್ಗೆ ಎಂಟಕ್ಕೆ ಹೊರಟು ನಡೆದೆವು. ಡಿ.ಎನ್. ರಸ್ತೆಯ ಕಟ್ಟಡಗಳ ಕೆಳಗೆ ಕಮಾನಿನ ಪಡಸಾಲೆಯಿದೆ, ಬಿಸಿಲು ತಾಗುವುದಿಲ್ಲ. ಅಮ್ಮ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ನಡೆದಳು. ಹಾರ್ನಿಮನ್ ಸರ್ಕಲ್ಲಿನ ಪಾರ್ಕಿನಲ್ಲಿ ಮರದಡಿ ಅರ್ಧ ಗಂಟೆ. ಹನ್ನೆರಡಕ್ಕೆ ವಾಪಸ್ ರೂಮು, ಮಂಡಿಗೆ ಎಣ್ಣೆ, ಎರಡು ಗಂಟೆ ನಿದ್ದೆ. ಸಂಜೆ ಟ್ಯಾಕ್ಸಿಯಲ್ಲಿ ಗೇಟ್‌ವೇ, ಅಲ್ಲಿಂದ ಮರೀನ್ ಡ್ರೈವ್. ದಕ್ಷಿಣ ಮುಂಬೈಯಲ್ಲಿ ಆಟೋ ಇಲ್ಲ, ಅವುಗಳಿಗೆ ಬಾಂದ್ರಾ ಮತ್ತು ಸಯನ್‌ನಿಂದ ಈಚೆಗೆ ಬರಲು ಬಿಡುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು, ಹತ್ತಿರದ ದಾರಿಗೆ ಟ್ಯಾಕ್ಸಿಯವರು ಮುಖ ಸಿಂಡರಿಸುತ್ತಾರೆ. ಸಮುದ್ರಕ್ಕೆ ದುಡ್ಡು ಯಾಕೆ ಅಂದವಳು ಮರೀನ್ ಡ್ರೈವಿನ ಕಟ್ಟೆಯ ಮೇಲೆ ಒಂದೂವರೆ ಗಂಟೆ ಕೂತಳು. ಇದು ಪುಕ್ಕಟೆ ಅಲ್ಲವೇ.

ಬೋರಾಬಜಾರಿಗೆ ಹೋದದ್ದು ಶನಿವಾರ ಬೆಳಗ್ಗೆಯೇ. ಅಪ್ಪ ಮುಂದೆ, ನಾವಿಬ್ಬರು ಹಿಂದೆ. ನಾನು ಫೋನಿನಲ್ಲಿ ಮ್ಯಾಪ್ ತೆಗೆಯುವಷ್ಟರಲ್ಲಿ ಅವರು ಎರಡು ತಿರುವು ದಾಟಿದ್ದರು. ಕೈಗಾಡಿ, ಪಾರ್ಸೆಲ್ ಹೊತ್ತವರು, ಪ್ರಿಂಟಿಂಗ್ ಪ್ರೆಸ್ಸಿನ ಬೋರ್ಡುಗಳು. ಒಂದು ಕಟ್ಟಡದ ಮುಂದೆ ನಿಂತರು. ಹೋಟೆಲಿರಲಿಲ್ಲ. ಅಲ್ಲಿ ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿ. ಪಕ್ಕದಲ್ಲಿ ಮೇಲಕ್ಕೆ ಹೋಗುವ ಮರದ ಮೆಟ್ಟಿಲು ಮಾತ್ರ ಹಾಗೇ ಇತ್ತಂತೆ. ಅಪ್ಪ ಮೆಟ್ಟಿಲಿನ ಕೆಳಗಿನ ಸಂದಿಗೆ ಬಗ್ಗಿ ನೋಡಿದರು. ಅಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದರು. ಅಂಗಡಿಯ ಹುಡುಗ, "ಕ್ಯಾ ಚಾಹಿಯೇ ಅಂಕಲ್?" ಅಂದ. ಅಪ್ಪ "ಕುಛ್ ನಹೀಂ" ಅಂದು ಒಂದು ಚಾರ್ಜರ್ ವೈರು ಕೊಂಡರು. ಅವರ ಫೋನಿಗೆ ಆಗದ ವೈರು.

ನಾನು ಫೋಟೋ ತೆಗೆಯಲು ಹೊರಟೆ. ಅಮ್ಮ ಕೈ ಹಿಡಿದು ಬೇಡ ಅಂದಳು.

ಭಾನುವಾರ ಬೆಳಗ್ಗೆ ಐದೂ ಕಾಲಿಗೆ ಅಮ್ಮ ಬಾಗಿಲು ಬಡಿದಳು. ಅಪ್ಪ ರೂಮಿನಲ್ಲಿಲ್ಲ. ಫೋನು ದಿಂಬಿನ ಪಕ್ಕದಲ್ಲೇ ಇದೆ. ನನಗೆ ಎದೆ ಧಸಕ್ಕಂದಿತು. ಚಪ್ಪಲಿಯೂ ಹಾಕದೆ ಲಿಫ್ಟಿಗೂ ಕಾಯದೆ ಕೆಳಗೆ ಓಡಿದೆ. ರಸ್ತೆ ಖಾಲಿ. ವಾರದ ದಿನ ಕಾಲಿಡಲು ಜಾಗವಿಲ್ಲದ ಫೋರ್ಟು ಭಾನುವಾರ ಆಫೀಸುಗಳಿಗೆ ರಜವಾದ್ದರಿಂದ ಬೇರೆಯೇ ಊರು. ಬೋರಾಬಜಾರಿಗೆ ಹೋಗಿರಬೇಕು ಅಂತ ಆ ಕಡೆ ತಿರುಗಿದರೆ, ಎದುರಿನ ಫುಟ್‌ಪಾತಿನಲ್ಲೇ ಸೈಕಲ್ ಚಹಾದವನ ಹತ್ತಿರ ಕೂತಿದ್ದಾರೆ. ಕೈಯಲ್ಲಿ ಸಣ್ಣ ಗ್ಲಾಸು.

ಬೈಯಬೇಕು ಅಂದುಕೊಂಡವಳು ಪಕ್ಕದಲ್ಲಿ ಕೂತೆ. ಇನ್ನೊಂದು ಚಹಾ ಹೇಳಿದರು.

"ನಿದ್ರಿ ಬರ್ಲಿಲ್ಲ. ಈ ಹೊತ್ತಿಗೇ ಎಬ್ಸುದ್ ನಮ್ಮನ್ನ."

ಅಲ್ಲಿಂದ ಶುರುವಾಯಿತು. ನಾಲ್ಕೂವರೆಗೆ ಹಾಲು ಬರುತ್ತಿತ್ತು, ಆರಕ್ಕೆ ಬಾಗಿಲು ತೆರೆಯಬೇಕು. ಅಪ್ಪ ಸೇರಿದ್ದು ಲೋಟ ತಟ್ಟೆ ತೊಳೆಯುವ ಕ್ಲೀನರ್ ಆಗಿ. ತಿಂಗಳಿಗೆ 35 ರೂಪಾಯಿ, ಊಟ, ವರ್ಷಕ್ಕೆ ಎರಡು ಜೊತೆ ಬಟ್ಟೆ. ಮೂರನೇ ವರ್ಷ ಮಾಣಿಯಾದರು. ಕೊನೆಯವರೆಗೂ ಗಲ್ಲಾದಲ್ಲಿ ಕೂರಲೇ ಇಲ್ಲ. ಮಲಗುತ್ತಿದ್ದದ್ದು? ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಅಕ್ಕಿ ಚೀಲದ ಪಕ್ಕ. ಸೆಕೆಗಾಲದಲ್ಲಿ ಒಲೆಯ ಕಾವಿಗೆ ಅಲ್ಲಿ ಮಲಗಲಾಗುತ್ತಿರಲಿಲ್ಲ. ಆಗ ಮೇಜುಗಳನ್ನು ಜೋಡಿಸಿ ಮಲಗುವುದು, ಇಲ್ಲವೇ ಫುಟ್‌ಪಾತಿನಲ್ಲಿ ಚಾಪೆ. ಹೋಟೆಲಿನ ಮೆಟ್ಟಿಲಿನ ಕೆಳಗೆ ಒಂದು ತಗಡಿನ ಟ್ರಂಕು ಇಡಲು ಜಾಗ ಕೊಟ್ಟಿದ್ದರು. ಎಂಟು ವರ್ಷ ಅಪ್ಪನದ್ದು ಅಂತ ಇದ್ದ ಜಾಗ ಅಷ್ಟೇ. ಅದರೊಳಗೆ ಬಟ್ಟೆ, ರಾತ್ರಿ ಶಾಲೆಯ ಪುಸ್ತಕ. ಸಂಜೆ ಏಳರಿಂದ ಒಂಬತ್ತರವರೆಗೆ ಯಜಮಾನರು ಶಾಲೆಗೆ ಬಿಡುತ್ತಿದ್ದರು. ಫೋರ್ಟಿನಲ್ಲಿ ಆಗ ಕನ್ನಡದ ರಾತ್ರಿ ಶಾಲೆಗಳಿದ್ದವು, ಹೋಟೆಲಿನ ಹುಡುಗರೇ ವಿದ್ಯಾರ್ಥಿಗಳು. 1982ರಲ್ಲಿ, ಗಿರಣಿ ಮುಷ್ಕರ ನಡೆಯುತ್ತಿದ್ದ ವರ್ಷ, ಅಪ್ಪ ಎಸ್‌ಎಸ್‌ಸಿ ಪಾಸಾದರು. ಓದಿದ್ದು ವೀಟಿ ಸ್ಟೇಷನ್ನಿನ ದೀಪದ ಕೆಳಗೆ, ಹೋಟೆಲಿನಲ್ಲಿ ರಾತ್ರಿ ದೀಪ ಹಾಕಲು ಬಿಡುತ್ತಿರಲಿಲ್ಲವಂತೆ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಎಂತ ಹೇಳುದ್ ಅದ್ರಗೆ." ಗ್ಲಾಸಿನ ತಳದ ಚಹಾವನ್ನು ರಸ್ತೆಗೆ ಚೆಲ್ಲಿ, "ಆ ರೂಮಿಗೆ ಐದ್ ಸಾವ್ರದ್ ಇನ್ನೂರ್ ಅಂಬ್ರಲೆ" ಅಂದರು.

ನಾನು ತಲೆ ತಗ್ಗಿಸಿದೆ. ರಿಸೆಪ್ಷನ್ನಿನ ಆ ವಯಸ್ಸಾದವರ ಹತ್ತಿರ ಕೇಳಿ ತಿಳಿದುಕೊಂಡಿದ್ದರು. ಹೋಟೆಲು ನಡೆಸಿದವರಿಗೆ ಇನ್ನೊಬ್ಬ ಹೋಟೆಲಿನವರ ಹತ್ತಿರ ಬಾಯಿ ಬಿಡಿಸುವುದು ಕಷ್ಟವಲ್ಲ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಎದ್ದು ಸೊಂಟಕ್ಕೆ ಕೈಯಿಟ್ಟು ಆ ಕಟ್ಟಡವನ್ನು ಒಮ್ಮೆ ಕೆಳಗಿನಿಂದ ಮೇಲೆ ನೋಡಿ, "ಎರಡ್ನೇ ಮಾಳಿಗಿ" ಅಂದರು, ತಮಗೇ ಹೇಳಿಕೊಂಡ ಹಾಗೆ.

ಮೇಲೆ ಬಂದಾಗ ರೂಮಿನ ಹುಡುಗ ಬಿಸಿನೀರಿನ ಫ್ಲಾಸ್ಕ್ ತಂದಿದ್ದ. ಹದಿನೆಂಟು ಹತ್ತೊಂಬತ್ತು ವಯಸ್ಸಿರಬಹುದು, ಒಡಿಶಾದವನು. ಹಿಂದಿನ ದಿನದಿಂದ ಅಪ್ಪ ಅವನನ್ನು 'ಮಾಣಿ' ಅಂತಲೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಎರಡು ರೂಮಿನ ಕಪ್ಪುಗಳನ್ನು ಅಪ್ಪ ಆಗಲೇ ತೊಳೆದು ಬೋರಲು ಹಾಕಿದ್ದು ನೋಡಿ ಅವನಿಗೆ ಗಾಬರಿ. "ಅಂಕಲ್, ಯೇ ಮೇರಾ ಕಾಮ್ ಹೈ" ಅಂದ. ಅಪ್ಪನ ಹಿಂದಿ ನಲವತ್ತು ವರ್ಷ ಹಳೆಯದು, ಆದರೆ ತುಕ್ಕು ಹಿಡಿದಿಲ್ಲ. ಎಷ್ಟು ಗಂಟೆಗೆ ಏಳುತ್ತಿ, ಊಟ ಎಲ್ಲಿ, ಊರಿಗೆ ಎಷ್ಟು ಕಳಿಸುತ್ತಿ ಅಂತ ಕೇಳಿ, ಕೊನೆಗೆ, "ಸೋತಾ ಕಹಾಂ ಹೈ?" ಅಂದರು.

"ಊಪರ್, ಟೆರೇಸ್ ಪೇ. ಬಾರಿಶ್ ಮೇಂ ನೀಚೆ, ಸೀಢೀ ಕೆ ಪಾಸ್."

ಅಪ್ಪ ಏನೂ ಹೇಳಲಿಲ್ಲ. ಪರ್ಸಿನಿಂದ ಐನೂರರ ನೋಟು ತೆಗೆದು ಅವನ ಜೇಬಿಗೆ ತುರುಕಿದರು. ನಿನ್ನೆ ಟ್ಯಾಕ್ಸಿಯವನ ಹತ್ತಿರ ಹತ್ತು ರೂಪಾಯಿಗೆ ಜಗಳ ಮಾಡಿದ ಮನುಷ್ಯ ಇವರೇ. ನಾನು ಸೂಟ್‌ಕೇಸಿಗೆ ಬಟ್ಟೆ ತುಂಬುವ ನೆಪದಲ್ಲಿ ಆ ಕಡೆ ತಿರುಗಿದೆ. ಹದಿನಾಲ್ಕು ಹೋಟೆಲುಗಳ ಎಷ್ಟು ನೂರು ಫೋಟೋ ನೋಡಿದ್ದೆ ನಾನು!

ಹನ್ನೊಂದಕ್ಕೆ ರೂಮು ಬಿಟ್ಟೆವು. ಮಧ್ಯಾಹ್ನ ಮೂರು ದಾಟಿದ ಮೇಲೆ ಅವರ ರೈಲು. ದಾರಿಯಲ್ಲಿ ಮಾಟುಂಗಾದಲ್ಲಿ ಊಟ ಅಂತ ಮಾತಾಗಿತ್ತು. ಸೋದರತ್ತೆಯ ಮಾತೂ ನಡೆದ ಹಾಗಾಯಿತು. ಲೋಕಲ್ ರೈಲು ಹತ್ತಬೇಕು ಅಂತ ಅಪ್ಪನಿಗೆ ಆಸೆ. ಆದರೆ ಭಾನುವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಅಂತ ಮಾಡುತ್ತಾರೆ. ಬೆಳಗ್ಗೆ ಹತ್ತೂವರೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಕೆಲವು ಗಾಡಿಗಳು ರದ್ದು, ಕೆಲವು ಬೇರೆ ಹಳಿಯಲ್ಲಿ. ವಾರಾಂತ್ಯಕ್ಕೆ ಹೋಗುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಲಗೇಜು, ಮಂಡಿ ಎರಡನ್ನೂ ನೆನೆದು ಟ್ಯಾಕ್ಸಿ ಮಾಡಿದೆವು.

ಮಾಟುಂಗಾ ಸ್ಟೇಷನ್ನಿನ ಹತ್ತಿರ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ನಡೆಯುತ್ತಿರುವುದು. ಬಾಳೆಲೆ ಊಟ. ಅಲ್ಲಿಗೆ ಹೋಗಲು ಮೆಟ್ಟಿಲು ಹತ್ತಬೇಕು, ಅದನ್ನು ನಾನು ವಿಚಾರಿಸಿರಲಿಲ್ಲ. ಅಮ್ಮ ಒಂದೂ ಮಾತಾಡದೆ ಹತ್ತಿದಳು. ಊಟಕ್ಕಾದರೆ ಅವಳ ಮಂಡಿ ನೋಯುವುದಿಲ್ಲ. ಅಪ್ಪ ಊಟದ ನಡುವೆ ಬಡಿಸುವವರ ಕೈಯನ್ನೇ ನೋಡುತ್ತಿದ್ದರು. ಸಾರು ಬಡಿಸುವವನು ಒಂದು ತೊಟ್ಟೂ ಚೆಲ್ಲದೆ ಮುಂದೆ ಹೋದಾಗ, "ಹಳಬ" ಅಂದರು ಮೆಚ್ಚಿಗೆಯಿಂದ.

ರೈಲು ಹತ್ತಿಸಿ ಏರ್‌ಪೋರ್ಟಿನಲ್ಲಿ ಕೂತಿದ್ದಾಗ ಬುಕಿಂಗ್ ಆ್ಯಪಿನಿಂದ ಮೆಸೇಜು, ನಿಮ್ಮ ವಾಸ ಹೇಗಿತ್ತು ತಿಳಿಸಿ ಅಂತ. ಸಾಮಾನ್ಯವಾಗಿ ಅಳಿಸಿಬಿಡುತ್ತೇನೆ. ಆವತ್ತು ಬರೆದೆ. ರಸ್ತೆಯಿಂದ ಲಿಫ್ಟಿಗೆ ನಾಲ್ಕು ಮೆಟ್ಟಿಲು, ಬಲಗಡೆ ಹಿಡಿಯಲು ಸರಳಿದೆ. ರೂಮಿಗೆ ಕಿಟಕಿ ಇದೆ, ನಿಜವಾದ ಕಿಟಕಿ. ನಲ್ಲಿ ಸದ್ದು ಮಾಡುತ್ತದೆ. ಬಿಸಿನೀರು ಆರಕ್ಕೆ ಅಂತಾರೆ, ಐದೂವರೆಗೇ ಬರುತ್ತದೆ. ಕೆಲಸದ ಹುಡುಗರು ಮಳೆಗಾಲದಲ್ಲಿ ಮೆಟ್ಟಿಲ ಪಕ್ಕ ಮಲಗುತ್ತಾರೆ, ದಯವಿಟ್ಟು ಅವರಿಗೊಂದು ಕೋಣೆ ಮಾಡಿಕೊಡಿ. ಮೂರು ಸ್ಟಾರ್ ಕೊಟ್ಟೆ. ಕೊನೆಯ ವಾಕ್ಯ ಅಲ್ಲಿ ಉಳಿಯುತ್ತದೋ ತೆಗೆದುಹಾಕುತ್ತಾರೋ ಅಂತ ಇವತ್ತಿಗೂ ಆಗಾಗ ತೆರೆದು ನೋಡುತ್ತೇನೆ. ಸದ್ಯಕ್ಕಿದೆ.

ಸೋಮವಾರ ಬೆಳಗ್ಗೆ ಮನೆ ಮುಟ್ಟಿ ಅಮ್ಮ ಫೋನ್ ಮಾಡಿದಳು. ಅಪ್ಪ ಮನೆಗೆ ಬಂದವರಿಗೆಲ್ಲ ಬೊಂಬಾಯಿಯ ಕತೆ ಹೇಳುತ್ತಿದ್ದಾರಂತೆ. ಕ್ಲೀನರ್ ಆಗಿದ್ದ ದಿನದಿಂದಲೇ ಶುರು ಮಾಡಿ. ಆಮೇಲೆ ಸ್ವಲ್ಪ ತಡೆದು ಕೇಳಿದಳು:

"ಹೈದರಾಬಾದಿಗೆ ಇನ್ನೊಂದ್ಸಲ ಹೋಪುಕಾತ್ತಾ? ಈ ಸಲ ಆ ಚಾರ್ಮಿನಾರಿನ ಬದಿಗೇ ರೂಮ್ ಮಾಡ್. ಮೊದ್ಲೇ ಮೆಟ್ಲ್ ಎಷ್ಟ್ ಅಂತ ಕೇಂಡ್ಕೋ."